ಚಾಸಿಗೆ ಪ್ಯಾಚ್ ಹಾಕಿಸುವವರೇ, ಬಣ್ಣ ಬಳಿಯುವ ಮೊದಲೇ ನೋಡಿ

ಹಳೆಯ ಜೀಪಿನ ತುಕ್ಕು ಹಿಡಿದ ಚಾಸಿಗೆ, ಅಂದರೆ ಗಾಡಿಯ ಭಾರ ಹೊರುವ ಕಬ್ಬಿಣದ ಚೌಕಟ್ಟಿಗೆ, ಪ್ಯಾಚ್ ವೆಲ್ಡಿಂಗ್ ಮಾಡಿಸಲು ಹೊರಟವರು ಇದನ್ನೊಮ್ಮೆ ಓದಿ. ನಾವು ಶಿವಮೊಗ್ಗದಲ್ಲಿ ಮಾಡಿಸಿದ ಕೆಲಸ ಒಂದು ಮಳೆಗಾಲವನ್ನೂ ತಡೆಯಲಿಲ್ಲ. ಗ್ಯಾರೇಜಿನ ಹೆಸರು ಬರೆಯುವುದಿಲ್ಲ. ಇಂಥ ಕಳಪೆ ಕೆಲಸವನ್ನು ಎಲ್ಲಿ ಕಂಡರೂ ಗುರುತಿಸಲು ಬರಬೇಕು, ಅಷ್ಟೇ.

ತೀರ್ಥಹಳ್ಳಿ ಕಡೆಯ ನಮ್ಮ ತೋಟಕ್ಕೆ ಗೊಬ್ಬರ, ಅಡಿಕೆ ಸಾಗಿಸುವ ಗಾಡಿ ಅದು. ಮಲೆನಾಡಿನಲ್ಲಿ ಚಾಸಿ ಒಳಗಿನಿಂದ ಕೊಳೆಯುತ್ತದೆ. ಜೂನ್‌ನಿಂದ ಚಿಮ್ಮುವ ಕೆಸರು ಪೆಟ್ಟಿಗೆಯಂತೆ ಮುಚ್ಚಿದ ಭಾಗಗಳಿಗೆ ನುಗ್ಗಿ, ನೀರು ಇಳಿಯುವ ತೂತುಗಳನ್ನು ಕಟ್ಟುತ್ತದೆ. ಹೊರಗೆ ಬಿಸಿಲು ಬಿದ್ದ ಮೇಲೂ ಆ ಮಣ್ಣು ಆರುವುದಿಲ್ಲ. ರಾಸಾಯನಿಕ ಗೊಬ್ಬರದ ಲವಣವೂ ಸೇರಿದರೆ ಕೇಳುವುದೇ ಬೇಡ. ನಮ್ಮ ಜೀಪಿನ ಹಿಂಬದಿಯ ಲೀಫ್ ಸ್ಪ್ರಿಂಗನ್ನು (ಪಟ್ಟಿ ಸ್ಪ್ರಿಂಗ್) ಚಾಸಿಗೆ ಹಿಡಿದಿಡುವ ಬ್ರಾಕೆಟ್ ಕೂರುವ ಜಾಗದಲ್ಲೇ ತೂತು ಬಿದ್ದಿತ್ತು.

‘ಕೊಳೆತದ್ದನ್ನೆಲ್ಲ ಕತ್ತರಿಸಿ ಹೊಸ ಪ್ಲೇಟು ಕೂರಿಸಿದ್ದೇವೆ’ ಎಂದು ಗ್ಯಾರೇಜಿನವರು ಹೇಳಿದರು. ಮೇಲೆ ಗಾಡಿಯ ಅಡಿಭಾಗಕ್ಕೆ ಬಳಿಯುವ ಕರಿ ಅಂಡರ್‌ಕೋಟಿಂಗ್ ಮಿರಮಿರನೆ ಹೊಳೆಯುತ್ತಿತ್ತು. ಮುಂದಿನ ಆಷಾಢದಲ್ಲಿ, ತೋಟದ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಬ್ರಾಕೆಟ್ಟು ಪ್ಯಾಚಿನ ಸಮೇತ ಕಿತ್ತು ಬಂತು. ಆಕ್ಸಲ್ ಓರೆಯಾಗಿ ಗಾಡಿ ಪಕ್ಕದ ಮಣ್ಣಿನ ಧರೆಗೆ ಒರಗಿ ನಿಂತಿತು. ಇನ್ನೊಂದು ಮಗ್ಗುಲಿಗೆ ಹಳ್ಳವಿತ್ತು, ಹಿಂದಿನ ಸೀಟಿನಲ್ಲಿ ಜನರಿದ್ದರು. ಯಾರಿಗೂ ಪೆಟ್ಟಾಗಲಿಲ್ಲ.

ಇನ್ನೊಬ್ಬ ವೆಲ್ಡರ್ ಗ್ರೈಂಡರ್ ಹಿಡಿದು ಉಳಿದ ಪ್ಯಾಚನ್ನು ಬಿಚ್ಚುವಾಗ ನಾನು ಪಕ್ಕದಲ್ಲೇ ಕೂತಿದ್ದೆ. ಕರಿ ಬಣ್ಣದ ಕೆಳಗೆ ಬೆರಳ ದಪ್ಪ ಪುಟ್ಟಿ, ಅಂದರೆ ತಗ್ಗು ಮುಚ್ಚಲು ಮೆತ್ತುವ ಪೇಸ್ಟು. ಪುಟ್ಟಿಯ ಕೆಳಗೆ ಬಾಡಿ ಕೆಲಸಕ್ಕೆ ಬಳಸುವ ತೆಳು ತಗಡು. ತಗಡಿನ ಹಿಂದೆ ಹಳೆಯ ಚಾಸಿ ಹಾಗೆಯೇ ಇತ್ತು: ಪದರು ಪದರಾಗಿ ಎದ್ದು, ಸ್ಕ್ರೂಡ್ರೈವರ್ ಚುಚ್ಚಿದರೆ ಪುಡಿಯಾಗುತ್ತಿತ್ತು. ಎರಡರ ನಡುವೆ ನಿಂತ ಕೆಂಪು ಕೆಸರು ಇನ್ನೂ ಒದ್ದೆಯಾಗಿತ್ತು. ವೆಲ್ಡಿನ ಗೆರೆಯುದ್ದಕ್ಕೂ ಸೂಜಿಮೊನೆಯಷ್ಟು ತೂತುಗಳು. ತುಕ್ಕನ್ನೂ ಬಣ್ಣವನ್ನೂ ಉಜ್ಜದೆ ವೆಲ್ಡ್ ಮಾಡಿದರೆ ಗಾಳಿಗುಳ್ಳೆ ಎದ್ದು ಹೀಗಾಗುತ್ತದೆ. ಮೇಲೆ ಥಳಕು, ಒಳಗೆ ಹುಳುಕು. ಹಣ ಹೋದ ಸಂಕಟ ಒಂದು ಕಡೆ ಇರಲಿ, ಜನ ಕೂರುವ ಗಾಡಿಯ ಬೆನ್ನೆಲುಬಿಗೆ ಪುಟ್ಟಿ ಮೆತ್ತಲು ಮನಸ್ಸಾದರೂ ಹೇಗೆ ಬಂತು? ಕೇಳಲು ಹೋದರೆ ‘ಹಳೆಯ ಗಾಡಿ ಅಲ್ಲವೇ’ ಎಂದು ಕೈ ತೊಳೆದುಕೊಂಡರು.

ಎರಡನೆಯ ವೆಲ್ಡರ್ ಕೆಲಸ ನೋಡಿದ ಮೇಲೆ ವ್ಯತ್ಯಾಸ ಗೊತ್ತಾಯಿತು. ಮೊದಲು ಬ್ಯಾಟರಿಯ ವೈರು ಕಳಚಿದರು, ಡೀಸೆಲ್ ಟ್ಯಾಂಕನ್ನು ಇಳಿಸಿದರು, ಕತ್ತರಿಸುವಾಗ ಚಾಸಿ ಬಾಗದಂತೆ ಎರಡೂ ಕಡೆ ಆಸರೆ ಕೊಟ್ಟರು. ಸುತ್ತಿಗೆಯಿಂದ ಬಡಿಯುತ್ತ ಹೋದರು. ಗಟ್ಟಿ ಕಬ್ಬಿಣ ಠಣ್ಣೆನ್ನುತ್ತದೆ, ಕೊಳೆತಲ್ಲಿ ಸದ್ದು ಮಂದವಾಗುತ್ತದೆ. ಗಟ್ಟಿ ಜಾಗ ಸಿಗುವವರೆಗೂ ಕತ್ತರಿಸಿ, ರಟ್ಟಿನಲ್ಲಿ ಅಳತೆ ತೆಗೆದು, ಚಾಸಿಯಷ್ಟೇ ದಪ್ಪದ, ಅಂದರೆ 3 ಮಿ.ಮೀ. ಪ್ಲೇಟಿನಲ್ಲಿ ಪ್ಯಾಚ್ ಮಾಡಿದರು. ಚೂಪು ಮೂಲೆಗಳಿಂದ ಬಿರುಕು ಹೊರಡುತ್ತದೆಂದು ಮೂಲೆಗಳನ್ನು ದುಂಡಗೆ ತಿದ್ದಿದರು. ಪ್ಲೇಟು ಸೊಟ್ಟಗಾಗದಂತೆ ಅಲ್ಲೊಂದು ಇಲ್ಲೊಂದು ಟ್ಯಾಕ್ (ಚುಕ್ಕೆಯಷ್ಟು ವೆಲ್ಡ್) ಹಾಕಿ, ತುಂಡು ತುಂಡಾಗಿ ವೆಲ್ಡ್ ಮಾಡಿ, ನಡುನಡುವೆ ಆರಲು ಬಿಟ್ಟರು.

ನಮ್ಮ ಕಡೆ ಇನ್ನೊಂದು ಅಪಾಯವಿದೆ. 7018 ಎಂಬ ವೆಲ್ಡಿಂಗ್ ರಾಡ್ ಗಾಳಿಯ ತೇವವನ್ನು ಹೀರುತ್ತದೆ. ಮಳೆಗಾಲದಲ್ಲಿ ಡಬ್ಬ ತೆರೆದಿಟ್ಟ ರಾಡನ್ನು ಹಾಗೆಯೇ ಬಳಸಿದರೆ ವೆಲ್ಡ್ ಗಟ್ಟಿಯಾಗಿ ಕಂಡರೂ ಮುಂದೆ ಬಿರುಕು ಬಿಡಬಹುದು. ಅವರು ಓವನ್‌ನಲ್ಲಿ ಕಾಯಿಸಿದ ರಾಡನ್ನೇ ತೆಗೆದುಕೊಂಡರು. ಕೊನೆಗೆ ಜಿಂಕ್ ಪ್ರೈಮರ್, ಒಳಭಾಗಕ್ಕೆ ಮೇಣದ ಲೇಪ. ನೀರಿಳಿಯುವ ತೂತುಗಳನ್ನು ಮುಚ್ಚಲಿಲ್ಲ.

ಚಾಸಿ ನಂಬರ್ ಕೊರೆದ ಜಾಗಕ್ಕೆ ಮಾತ್ರ ಗ್ರೈಂಡರ್ ತಾಗಿಸಲು ಯಾರಿಗೂ ಬಿಡಬೇಡಿ. ಆ ಅಂಕಿ ಅಳಿಸಿದರೆ, 15 ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಣಕ್ಕೆ ಹೋದಾಗ ಆರ್‌ಟಿಒ ಕಚೇರಿಯಲ್ಲಿ ಪಜೀತಿ.

‘ಪ್ರೈಮರ್ ಹೊಡೆಯುವ ಮೊದಲು ಬಂದು ನೋಡುತ್ತೇನೆ, ಕತ್ತರಿಸಿ ತೆಗೆದ ಕಬ್ಬಿಣವನ್ನೂ ತೋರಿಸಿ’ ಎಂದು ಮುಂಚೆಯೇ ಹೇಳಿಬಿಡಿ. ಒಪ್ಪದಿದ್ದರೆ ಗಾಡಿಯನ್ನು ವಾಪಸು ತನ್ನಿ. ಈಗಾಗಲೇ ಕರಿ ಕೋಟಿಂಗ್ ಬಳಿಸಿಕೊಂಡು ಬಂದಿದ್ದರೆ ಅಯಸ್ಕಾಂತ ಹಿಡಿದು ಗಾಡಿಯ ಅಡಿಗೆ ಹೋಗಿ. ಪುಟ್ಟಿ ದಪ್ಪಗಿರುವಲ್ಲಿ ಅದು ಕಚ್ಚುವುದಿಲ್ಲ. ಸ್ಪ್ರಿಂಗ್ ಬ್ರಾಕೆಟ್ಟು, ಸ್ಟೀರಿಂಗ್ ಬಾಕ್ಸ್ ಕೂರುವ ಜಾಗಗಳನ್ನು ಮೊದಲು ಪರೀಕ್ಷಿಸಿ. ಅಲ್ಲಿ ಕಚ್ಚದಿದ್ದರೆ ಆ ಗಾಡಿಯಲ್ಲಿ ಆಗುಂಬೆ ಘಾಟಿ ಇಳಿಯಬೇಡಿ.