ಪ್ರಿವಾಟ್‌ಬ್ಯಾಂಕ್ ಕಾರ್ಡ್: ದ್ನಿಪ್ರೊದಲ್ಲಿ ಓದಿದ ಸಿಂಧನೂರಿನವಳ ಅನುಭವ

ಉಕ್ರೇನಿನಲ್ಲಿ ಎಂಬಿಬಿಎಸ್ ಓದಿ ಬಂದವಳು ಅಂತ ಗೊತ್ತಾದರೆ ನಮ್ಮ ರಾಯಚೂರು ಕಡೆಯ ತಂದೆತಾಯಿಗಳು ಕಾಲೇಜಿನ ಬಗ್ಗೆ, ಹಾಸ್ಟೆಲ್ ಊಟದ ಬಗ್ಗೆ ಕೇಳುತ್ತಾರೆ. ಅಲ್ಲಿ ಖಾತೆ ಯಾವ ಬ್ಯಾಂಕಿನಲ್ಲಿ ತೆಗೆಸಬೇಕು ಅಂತ ಕೇಳುವವರು ಅಪರೂಪ. 2016ರಲ್ಲಿ ದ್ನಿಪ್ರೊಗೆ ಹೋದಾಗಿನಿಂದ ಕೋರ್ಸ್ ಮುಗಿಯುವವರೆಗೆ ನಾನು ಬಳಸಿದ್ದು ಪ್ರಿವಾಟ್‌ಬ್ಯಾಂಕ್ ಕಾರ್ಡು, ಜೊತೆಗೆ ಅದರ ಪ್ರಿವಾಟ್24 ಆ್ಯಪ್. ಐದಕ್ಕೆ ಐದು ಕೊಡುತ್ತೇನೆ.

ದಿನನಿತ್ಯದ ಸೇವೆಯಲ್ಲಿ ನನಗೆ ಬಹಳ ಹಿಡಿಸಿದ್ದು ಅಂಗಡಿಗಳ ಮೂಲೆಯಲ್ಲಿರುತ್ತಿದ್ದ ಹಸಿರು ಟರ್ಮಿನಲ್. ಡಾಲರ್ ಬದಲಿಸಿ ತಂದ ಹ್ರಿವ್ನಿಯಾ (ಉಕ್ರೇನಿನ ಹಣ) ನೋಟನ್ನು ಒಂದೊಂದಾಗಿ ಅದರ ಬಾಯಿಗೆ ಕೊಟ್ಟರೆ ಸರಕ್ಕನೆ ಒಳಗೆಳೆದುಕೊಳ್ಳುತ್ತಿತ್ತು. ಮಡಿಕೆ ಬಿದ್ದ ನೋಟು ವಾಪಸ್ ಬರುತ್ತಿತ್ತು. ತೊಡೆಯ ಮೇಲಿಟ್ಟು ಅಂಗೈಯಿಂದ ತೀಡಿ ಮತ್ತೆ ಕೊಡಬೇಕು. ಹಾಸ್ಟೆಲ್ ಬಾಡಿಗೆ, ಮೊಬೈಲ್ ರೀಚಾರ್ಜ್ ಎಲ್ಲ ಅಲ್ಲೇ ಆಗುತ್ತಿತ್ತು. ಭಾಷೆ ಬಾರದ ಮೊದಲ ವರ್ಷದ ಹುಡುಗಿಗೆ ಕೌಂಟರಿನ ಮುಂದೆ ತಡವರಿಸುವ ಕಷ್ಟವೇ ಇರಲಿಲ್ಲ.

ನಾನು ಹೋಗಿ ಇನ್ನೂ ಒಂದು ಸೆಮಿಸ್ಟರ್ ಮುಗಿದಿರಲಿಲ್ಲ, ಡಿಸೆಂಬರ್ 18ರ ಭಾನುವಾರ ಸರ್ಕಾರ ಈ ಬ್ಯಾಂಕನ್ನು ರಾಷ್ಟ್ರೀಕರಣ ಮಾಡಿತು. ಪೂರ್ವದ ಡಾನ್‌ಬಾಸ್‌ನಲ್ಲಿ 2014ರಿಂದಲೇ ಯುದ್ಧ ನಡೆದಿತ್ತು, ಗಾಯಗೊಂಡ ಸೈನಿಕರನ್ನು ದ್ನಿಪ್ರೊದ ಮೆಚ್ನಿಕೋವ್ ಆಸ್ಪತ್ರೆಗೇ ತರುತ್ತಿದ್ದರು. ಅಂಥ ಹೊತ್ತಿನಲ್ಲಿ ಸುಮಾರು ಎರಡು ಕೋಟಿ ಗ್ರಾಹಕರಿದ್ದ, ಜನರ ಠೇವಣಿಯಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಇಟ್ಟುಕೊಂಡಿದ್ದ ಬ್ಯಾಂಕು ಮುಳುಗಿದರೆ ದೇಶವೇ ಕೂರುತ್ತಿತ್ತು. ಬಂಡವಾಳದಲ್ಲಿ 148 ಬಿಲಿಯನ್ ಹ್ರಿವ್ನಿಯಾ ಕೊರತೆ ಇದೆ, ಕಂಪನಿಗಳಿಗೆ ಕೊಟ್ಟ ಸಾಲದಲ್ಲಿ ನೂರಕ್ಕೆ 97ರಷ್ಟು ಮಾಲೀಕರ ನಂಟಿನವರಿಗೇ ಹೋಗಿದೆ ಅಂತ ಕೇಂದ್ರ ಬ್ಯಾಂಕು ಹೇಳಿತು. ಸರ್ಕಾರ ಅದನ್ನು ಒಂದು ಹ್ರಿವ್ನಿಯಾಕ್ಕೆ ಕೊಂಡು, ಬಾಂಡುಗಳ ಮೂಲಕ ಬಂಡವಾಳ ತುಂಬಿತು.

ಎಟಿಎಂ ಮುಂದೆ ಹಿಮದಲ್ಲಿ ಸಾಲು ಕಂಡು ನಾನು ಗಾಬರಿಯಾಗಿ ಮನೆಗೆ ಫೋನ್ ಮಾಡಿದೆ. ಆಗ ನಮ್ಮಲ್ಲೂ ನೋಟು ರದ್ದತಿಯ ಕಾಲ. ಭತ್ತ ಮಾರಿದ ರೊಕ್ಕ ಖಾತೆಯಲ್ಲಿದ್ದರೂ ವಾರಕ್ಕೆ 24,000 ರೂಪಾಯಿಗಿಂತ ಹೆಚ್ಚು ತೆಗೆಯಲು ಆಗದೆ ಅಪ್ಪ ತಾವೇ ಸಿಂಧನೂರಿನ ಬ್ಯಾಂಕಿನ ಪಾಳಿಯಲ್ಲಿ ನಿಂತಿದ್ದರು. ಆದರೂ ನನಗೆ ಧೈರ್ಯ ಹೇಳಿದರು: "ಸರ್ಕಾರದ್ದಾತಂದ್ರ ರೊಕ್ಕ ಎಲ್ಲಿಗೂ ಹೋಗಂಗಿಲ್ಲ ಬಿಡು ಯವ್ವಾ. ಇಂದಿರಮ್ಮ ಬ್ಯಾಂಕ್ ತಗೊಂಡಾಗ ನಿಮ್ಮ ಮುತ್ಯಾಂದೇನು ಹೋತು?" 1969ರ ಜುಲೈ 19ರಂದು 14 ಬ್ಯಾಂಕುಗಳು ಸರ್ಕಾರದ್ದಾದ ಮೇಲೇ ನಮ್ಮ ಮುತ್ಯಾ ಬ್ಯಾಂಕಿನ ಮೆಟ್ಟಿಲು ಹತ್ತಿದ್ದು, ಬೆಳೆಸಾಲ ಕಂಡಿದ್ದು. ಅಪ್ಪನ ಮಾತು ಅಲ್ಲೂ ನಿಜವಾಯಿತು. ಅದೇ ಕಾರ್ಡು, ಅದೇ ಪಿನ್ನು, ನನ್ನ ಖಾತೆಯ ಒಂದು ಹ್ರಿವ್ನಿಯಾ ಕೂಡ ಆಚೀಚೆ ಆಗಲಿಲ್ಲ.

ರಾಷ್ಟ್ರೀಕರಣದ ಆ ನಿರ್ಧಾರ ಎಷ್ಟು ದೊಡ್ಡದು ಅಂತ ನನಗೆ ಅರ್ಥವಾಗಿದ್ದು 2022ರ ಫೆಬ್ರವರಿ 24ರಂದು, ರಷ್ಯಾ ಉಕ್ರೇನಿನ ಮೇಲೆ ಪೂರ್ಣ ದಾಳಿ ಶುರು ಮಾಡಿದ ದಿನ. ಬೆಳಗಿನ ಜಾವವೇ ಸ್ಫೋಟದ ಸದ್ದು. ದಿನಕ್ಕೆ ಒಂದು ಲಕ್ಷ ಹ್ರಿವ್ನಿಯಾಕ್ಕಿಂತ ಹೆಚ್ಚು ನಗದು ತೆಗೆಯುವಂತಿಲ್ಲ, ಡಾಲರ್ ತೆಗೆಯುವಂತೆಯೇ ಇಲ್ಲ ಅಂತ ಆದೇಶ ಬಂತು. ಕಾರ್ಡಿನಲ್ಲಿ ಕೊಳ್ಳುವುದಕ್ಕೆ ಮಾತ್ರ ಮಿತಿ ಇರಲಿಲ್ಲ. ನಾನೂ ನನ್ನ ರೂಮ್‌ಮೇಟೂ ಬ್ರೆಡ್ಡು, ನೀರು, ಪವರ್‌ಬ್ಯಾಂಕ್ ಎಲ್ಲ ಕಾರ್ಡು ತೋರಿಸಿಯೇ ತಂದೆವು. ಸೈರನ್ ಕೂಗುತ್ತಿದ್ದಾಗಲೂ ಮಷೀನು "ಟಿಣ್" ಅಂದು ಚೀಟಿ ಕೊಟ್ಟಿತು. ರೈಲಿನಲ್ಲಿ ಪಶ್ಚಿಮಕ್ಕೆ ಹೋಗಿ ಗಡಿಯ ಊರಾದ ಉಜ್ಹೊರೊಡ್ ಮುಟ್ಟಿದಾಗಲೂ ಅದೇ ಕಾರ್ಡು. ಆದರೆ ಗಡಿ ದಾಟಿದ ಮೇಲೆ ಕೈಲಿದ್ದ ಹ್ರಿವ್ನಿಯಾ ನೋಟನ್ನು ಯಾರೂ ಬದಲಿಸಿಕೊಡಲಿಲ್ಲ. ಹಂಗೇರಿಯಿಂದ ಆಪರೇಷನ್ ಗಂಗಾ ವಿಮಾನದಲ್ಲಿ ಬಂದೆ. ಕೊನೆಯ ಸೆಮಿಸ್ಟರಿನ ಫೀಸು ಕಟ್ಟಿದ್ದು ಸಿಂಧನೂರಿನ ನಮ್ಮ ಪಡಸಾಲೆಯಲ್ಲಿ ಕೂತು, ಪ್ರಿವಾಟ್24ನಿಂದ. ಅಷ್ಟರಲ್ಲಿ ಬ್ಯಾಂಕು ತನ್ನ ಲೆಕ್ಕಪತ್ರದ ದತ್ತಾಂಶವನ್ನೆಲ್ಲ ಕೆಲವೇ ವಾರಗಳಲ್ಲಿ ದೇಶದ ಹೊರಗಿನ ಕ್ಲೌಡ್ ಸರ್ವರ್‌ಗಳಿಗೆ ಸಾಗಿಸುತ್ತಿತ್ತು. ಕ್ಷಿಪಣಿ ಬೀಳುವ ಊರಿನಲ್ಲಿ ಕೂತು ಇದನ್ನು ಮಾಡಿದ ಅಲ್ಲಿನ ಸಿಬ್ಬಂದಿಗೆ ನನ್ನ ಕೈಮುಗಿದ ನಮಸ್ಕಾರ.

ಕೀವ್‌ನಲ್ಲಿ ಓದುತ್ತಿದ್ದ ಗಂಗಾವತಿಯ ಗೆಳೆಯನದು ಅಲ್ಫಾ ಬ್ಯಾಂಕ್ ಖಾತೆ. ಅದು 2022ರ ಕೊನೆಗೆ ಸೆನ್ಸ್ ಬ್ಯಾಂಕ್ ಅಂತ ಹೆಸರು ಬದಲಿಸಿತು, 2023ರ ಜುಲೈನಲ್ಲಿ ಅದೂ ಸರ್ಕಾರದ್ದಾಯಿತು, ಅದೂ ಒಂದು ಹ್ರಿವ್ನಿಯಾಕ್ಕೇ. ಆದರೆ ಅಲ್ಲಿ ಖಜಾನೆ ಬರಿದಾಗಿರಲಿಲ್ಲ. ರಷ್ಯಾದ ಉದ್ಯಮಿಗಳಾದ ಫ್ರಿಡ್‌ಮನ್, ಅವೆನ್‌ರಂಥ ಷೇರುದಾರರ ಮೇಲೆ ನಿರ್ಬಂಧವಿತ್ತು, ಅದಕ್ಕಾಗಿಯೇ ಆ ಮೇ ತಿಂಗಳಲ್ಲಿ ಸಂಸತ್ತು ಹೊಸ ಕಾನೂನು ಮಾಡಿತ್ತು. "ರಾಷ್ಟ್ರೀಕರಣ ಅಂದ್ರೆ ಬ್ಯಾಂಕ್ ದಿವಾಳಿ" ಅಂತ ಇಲ್ಲಿ ಹೇಳುವವರು ಈ ವ್ಯತ್ಯಾಸ ತಿಳಿಯಬೇಕು.

ಪ್ರಿವಾಟ್‌ಬ್ಯಾಂಕ್ ತನ್ನ ಹಳೇ ಮಾಲೀಕರಾದ ಕೊಲೊಮೊಯ್ಸ್ಕಿ, ಬೊಗೊಲ್ಯುಬೊವ್ ಮೇಲೆ ಹೂಡಿದ ದಾವೆಯಲ್ಲಿ 2025ರ ಜುಲೈನಲ್ಲಿ ಲಂಡನ್ ಹೈಕೋರ್ಟ್ ಬ್ಯಾಂಕಿನ ಪರ ತೀರ್ಪು ಕೊಟ್ಟಿತು. ಸುದ್ದಿ ಓದಿ ನನಗೆ ನಿಜಕ್ಕೂ ಖುಷಿಯಾಯಿತು.

ಈಗಲೂ ಅಲ್ಲಿಗೆ ಓದಲು ಹೋಗುವವರಿಗೆ ಒಂದು ವಿಷಯ. 2022ರ ಏಪ್ರಿಲ್‌ನಿಂದ ಯುದ್ಧಕಾಲದ ಮಾರ್ಷಲ್ ಲಾ ಇರುವಷ್ಟು ಕಾಲ, ಅದು ಮುಗಿದ ಮೂರು ತಿಂಗಳವರೆಗೂ, ಅಲ್ಲಿನ ಬ್ಯಾಂಕುಗಳಲ್ಲಿ ಸಾಮಾನ್ಯ ಜನರ ಠೇವಣಿಗೆ ಪೂರ್ತಿ ಖಾತರಿ ಇದೆ. ಆಮೇಲೆ ಆರು ಲಕ್ಷ ಹ್ರಿವ್ನಿಯಾದವರೆಗೆ. ಏಜೆಂಟರ ಕೈಗೆ ಡಾಲರ್ ಕೊಟ್ಟು ಕೂರಬೇಡಿ, ಮಗುವಿನ ಹೆಸರಿನಲ್ಲಿ ಖಾತೆ ತೆಗೆಸಿ.