ಎಲ್ ಬ್ಯಾಂಡೋ, ಕೆಯು ಬ್ಯಾಂಡೋ: ಕೊಲ್ಹಾರದ ದಾರಿಯಲ್ಲಿ ಕಂಡದ್ದು

2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದ ದಿನಗಳಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ: ಮೊಬೈಲ್ ಗೋಪುರಗಳು ಕೈಕೊಟ್ಟರೆ, ಓಡುವ ವಾಹನದಿಂದ ಉಪಗ್ರಹವನ್ನು ಯಾವ ಬ್ಯಾಂಡಿನಲ್ಲಿ, ಅಂದರೆ ಯಾವ ಆವರ್ತನದ ಪಟ್ಟಿಯಲ್ಲಿ, ಹಿಡಿಯಬೇಕು? ಜೀಪಿನ ಚಾವಣಿಗೆ ಎರಡು ಅಂಟೆನಾ ಕಟ್ಟಿ ವಿಜಯಪುರದಿಂದ ಕೊಲ್ಹಾರದ ಸೇತುವೆಯವರೆಗೆ ನಾಲ್ಕು ಸಲ ಹೋಗಿಬಂದೆ. ಒಂದು, ಅಂಗೈಯಗಲದ ಎಲ್ ಬ್ಯಾಂಡ್ ಪ್ಯಾಚ್, ಅಂದರೆ ಚಪ್ಪಟೆ ಅಂಟೆನಾ. ಹಡಗುಗಳಿಗೆ ಹವಾಮಾನದ ಎಚ್ಚರಿಕೆ ಸಾರುವ ಉಪಗ್ರಹ ಜಾಲವಾದ ಇನ್‌ಮಾರ್‌ಸ್ಯಾಟ್ ಸಂಕೇತಕ್ಕಾಗಿ, 1.5 ಗಿಗಾಹರ್ಟ್ಸ್‌ನಲ್ಲಿ. ಇನ್ನೊಂದು, 83 ಡಿಗ್ರಿ ಪೂರ್ವ ರೇಖಾಂಶದ ಮೇಲಿರುವ ಭಾರತದ ಸಂಪರ್ಕ ಉಪಗ್ರಹ ಜಿಸ್ಯಾಟ್-30ರತ್ತ ನೆಟ್ಟ 60 ಸೆಂ.ಮೀ. ಕೆಯು ತಟ್ಟೆ, 12 ಗಿಗಾಹರ್ಟ್ಸ್ ಆಸುಪಾಸಿನ ಸಂಕೇತಕ್ಕಾಗಿ. ಸಂಕೇತ ಕಳುಹಿಸಲು ಪರವಾನಗಿ ಬೇಕು, ನಾನು ಆಲಿಸಿದೆನಷ್ಟೇ.

ಓಟದಲ್ಲಿ ಎಲ್ ಸಲೀಸಾಗಿ ಗೆದ್ದಿತು. ಪ್ಯಾಚ್ ಅರ್ಧ ಆಕಾಶವನ್ನೇ ನೋಡುತ್ತಿರುತ್ತದೆ. ತಟ್ಟೆಯ ನೋಟ ಮೂರು ಡಿಗ್ರಿಯಷ್ಟೂ ಅಗಲವಿಲ್ಲ. ಒಂದು ರಸ್ತೆಯುಬ್ಬು ಸಾಕು, ಕೆಯು ಸಂಕೇತ ಮಾಯ. ಬೇವಿನ ನೆರಳಿನಲ್ಲಿ ಎಲ್ ತುಸು ಕುಗ್ಗಿತು, ಕೆಯು ಕಡಿದೇ ಹೋಯಿತು.

ಮಳೆ ಹೆಚ್ಚು ಹೊತ್ತು ಸುರಿಯುವ ಕಡೆಯೇ ಕೆಯು ಸೋಲುತ್ತದೆ ಎಂದುಕೊಂಡಿದ್ದೆ; ಆ ಎಣಿಕೆ ತಲೆಕೆಳಗಾಯಿತು. ಜುಲೈನಲ್ಲಿ, ಪುನರ್ವಸು ಮಳೆ ಹಿಡಿದಾಗ, ಜೀಪನ್ನು ಖಾನಾಪುರ ತಾಲ್ಲೂಕಿನ ಜಾಂಬೋಟಿಗೆ ಒಯ್ದು ನಿಲ್ಲಿಸಿದೆ. ದಿನವಿಡೀ ಜಡಿ ಸುರಿದರೂ ಕೆಯು ಒಂದೆರಡು ಡೆಸಿಬಲ್ (ಸಂಕೇತದ ಬಲದ ಅಳತೆ) ಕಳೆದುಕೊಂಡು ತಾಳಿಕೊಂಡಿತು. ಮಳೆಯೇ ಅಪರೂಪವಾದ ವಿಜಯಪುರದಲ್ಲಿ, ಹಸ್ತ ಮಳೆಯ ಒಂದು ಸಂಜೆ, ದಪ್ಪ ಹನಿಗಳ ರಭಸಕ್ಕೆ ಹತ್ತೇ ನಿಮಿಷದಲ್ಲಿ ಅದು ಸಂಪೂರ್ಣ ಸತ್ತಿತು. ಎಷ್ಟು ಹೊತ್ತು ಸುರಿಯಿತು ಎಂಬುದಲ್ಲ, ಎಷ್ಟು ಜೋರಾಗಿ ಸುರಿಯಿತು ಎಂಬುದೇ ಲೆಕ್ಕ. ಕೆಯು ತರಂಗದ ಉದ್ದ ಎರಡೂವರೆ ಸೆಂಟಿಮೀಟರ್. ಹನಿ ದಪ್ಪವಾದಷ್ಟೂ ಅದನ್ನು ಹೆಚ್ಚು ಹೀರಿ ಚದುರಿಸುತ್ತದೆ. ಇಪ್ಪತ್ತು ಸೆಂಟಿಮೀಟರಿನ ಎಲ್ ತರಂಗಕ್ಕೆ ಆ ಹನಿಗಳು ಇದ್ದೂ ಇಲ್ಲದಂತೆ. ನಮ್ಮಲ್ಲಿ ಜಿಸ್ಯಾಟ್-30 ದಿಗಂತದಿಂದ ಸುಮಾರು 68 ಡಿಗ್ರಿ ಎತ್ತರದಲ್ಲಿರುವುದು ಒಂದು ಪುಣ್ಯ. ಇನ್ನೂ ಕೆಳಗಿದ್ದರೆ ಸಂಕೇತ ಮಳೆಯೊಳಗೆ ಇನ್ನಷ್ಟು ದೂರ ಸಾಗಿಬರಬೇಕಾಗುತ್ತಿತ್ತು.

ಹಾಗಾದರೆ ಕೆಯು ಏಕೆ? ಆವರ್ತನದ ಜಾಗಕ್ಕಾಗಿ. ಎಲ್‌ನಲ್ಲಿ ಸಂಚಾರಿ ಉಪಗ್ರಹ ಸೇವೆಯ ಇಳಿದಾರಿ (ಉಪಗ್ರಹದಿಂದ ನೆಲಕ್ಕೆ ಬರುವ ಸಂಕೇತದ ಪಟ್ಟಿ) 1525ರಿಂದ 1559 ಮೆಗಾಹರ್ಟ್ಸ್, ಬರೀ 34. ಮಾತಿಗೆ, ಸಂದೇಶಕ್ಕೆ ಸಾಕು, ಮುಳುಗಿದ ಊರಿನ ವಿಡಿಯೊಗೆ ಸಾಲದು. ಕೆಯುನಲ್ಲಿ ನೂರಾರು ಮೆಗಾಹರ್ಟ್ಸ್ ಇದೆ, ಅದಕ್ಕೂ ಮೇಲಿನ ಕೆಎ ಬ್ಯಾಂಡಿನಲ್ಲಿ ಇನ್ನೂ ಹೆಚ್ಚು. 1993ರಲ್ಲಿ ಹಾರಿದ ನಾಸಾದ ಎಸಿಟಿಎಸ್ ಉಪಗ್ರಹದೊಂದಿಗೆ 20 ಮತ್ತು 30 ಗಿಗಾಹರ್ಟ್ಸ್‌ನಲ್ಲಿ ಓಡುವ ವ್ಯಾನಿನಿಂದಲೇ ಮಾತನಾಡಿದ್ದರು; ಆದರೆ ಅವರ ಅಂಟೆನಾ ತಾನಾಗಿ ತಿರುಗಿ ಉಪಗ್ರಹವನ್ನು ಹಿಂಬಾಲಿಸುತ್ತಿತ್ತು.

ನೆರೆ ಪರಿಹಾರಕ್ಕೆ ಓಡುವ ಜೀಪಿಗೆ ಇಂದು ಒಂದನ್ನೇ ಆರಿಸು ಎಂದರೆ ಎಲ್ ಎನ್ನುತ್ತೇನೆ. ಕೆಯು ತಟ್ಟೆ ಆಶ್ರಯ ಶಿಬಿರದ ಅಂಗಳದಲ್ಲಿ, ಮರಗಳಿಂದ ದೂರ, ಅಲುಗದೆ ನಿಲ್ಲಲಿ.