ರಿಬ್ಬನ್ ಬೇಡ, ರಂಟಿ ಸಾಕು: ಪ್ಲಾಸ್ಟರ್ ಪುಡಿಗೆ ಫೈಬರ್ ಬೆರೆಸಿ ಕಲಿತದ್ದು

ಮೊದಲೇ ಹೇಳಿಬಿಡುತ್ತೇನೆ, ನಾನು ರಂಟಿ ಮಷಿನ್, ಅಂದರೆ ನೇಗಿಲಿನಂಥ ಹಲಗೆಗಳಿಂದ ಒಣ ಪುಡಿ ಬೆರೆಸುವ ಪ್ಲೌ ಶೇರ್ ಮಿಕ್ಸರ್ ಕಡೆಯವನು. ಮುಂದೆ ಸುರುಳಿ ಪಟ್ಟಿಯಿಂದ ಬೆರೆಸುವ ರಿಬ್ಬನ್ ಬ್ಲೆಂಡರ್ ಬಗ್ಗೆಯೂ ನಾಲ್ಕು ಒಳ್ಳೆ ಮಾತು ಬರುತ್ತವೆ. ಆದರೆ ಅದನ್ನು ತಗೊಂಡು ಒಂದು ವರ್ಷ ಅನುಭವಿಸಿದವನು ನಾನು. ಹಾಗಾಗಿ ಎರಡನ್ನೂ ಸಮ ತೂಗುತ್ತೇನೆ ಅಂತ ಯಾರೂ ಕಾಯಬೇಡಿ.

ನಮ್ಮದು ಹುಬ್ಬಳ್ಳಿಯ ತಾರಿಹಾಳದಲ್ಲಿ ಒಂದು ಚಿಕ್ಕ ಘಟಕ. ನೀರು ಹಾಕಿ ಕಲಸಿದರೆ ಸಾಕು ಅನ್ನುವಂಥ ರೆಡಿಮಿಕ್ಸ್ ಪ್ಲಾಸ್ಟರ್ ಮಾಡುತ್ತೇವೆ. ಸಿಮೆಂಟು, ಒಣಗಿಸಿ ಜರಡಿ ಹಿಡಿದ ಮರಳು, ಸ್ವಲ್ಪ ಡಾಲೊಮೈಟ್ ಪುಡಿ, ನೀರು ಬೇಗ ಆರದಿರಲು ಎಚ್‌ಪಿಎಂಸಿ ಅನ್ನುವ ಸೆಲ್ಯುಲೋಸ್ ಪುಡಿ, ಕೂದಲೆಳೆ ಬಿರುಕು ಬಿಡದಿರಲು ಪಾಲಿಪ್ರೊಪಿಲೀನ್ ಫೈಬರ್. ಒಂದು ಬ್ಯಾಚ್ ಅಂದರೆ 400 ಕಿಲೋ, 40 ಕಿಲೋದ ಹತ್ತು ಚೀಲ. ಅಷ್ಟಕ್ಕೆ ಬೀಳುವ ಫೈಬರ್ 400 ಗ್ರಾಂ. ಸಾವಿರಕ್ಕೆ ಒಂದು ಪಾಲು.

ಇಷ್ಟೇನಾ, ಇದನ್ನು ಬೆರೆಸುವುದು ಏನು ಮಹಾ ಅಂತ ನಾನೂ ಅಂದುಕೊಂಡಿದ್ದೆ. ನಾವು ಬಳಸುವ ಫೈಬರ್ 12 ಮಿಲಿಮೀಟರ್ ಉದ್ದ, 18 ಮೈಕ್ರಾನ್ ದಪ್ಪ. ಒಂದು ಸಲ ಸುಮ್ನೆ ಕೂತು ಲೆಕ್ಕ ಹಾಕಿದೆ. 400 ಗ್ರಾಂನಲ್ಲಿ ಸುಮಾರು 14 ಕೋಟಿ ಎಳೆಗಳು ಬರುತ್ತವೆ. ಸಿಮೆಂಟಿನ ಸಾಂದ್ರತೆ 3.15, ಈ ಫೈಬರಿನದು 0.91. ಅಂದರೆ ಸಿಮೆಂಟಿಗಿಂತ ಮೂರೂವರೆ ಪಟ್ಟು ಹಗುರ. ಭಾರದ ಪುಡಿ ಕೆಳಗಿಳಿಯುತ್ತದೆ, ಹಗುರದ ಎಳೆ ಮೇಲೆ ಕೂರುತ್ತದೆ, ಕೂತದ್ದು ಒಂದಕ್ಕೊಂದು ತಬ್ಬಿಕೊಂಡು ಗಂಟಾಗುತ್ತದೆ.

ಈ ಗಂಟಿನ ಸುದ್ದಿ ನನಗೆ ಮುಟ್ಟಿದ್ದು ನವನಗರದ ಒಂದು ಮನೆ ಕೆಲಸದಿಂದ. ಗೌಂಡಿ ಫೋನ್ ಮಾಡಿದ. "ಸಾಹುಕಾರ್ರ, ನಿಮ್ಮ ಪ್ಲಾಸ್ಟರ್‌ದಾಗ ಬೆಕ್ಕಿನ ಕೂದಲಾ ಬಂದಾವ್ರೀ. ಕರಣಿ ಎಳದ್ರ ಗೋಡಿ ಮ್ಯಾಲ ಗೀರ ಬೀಳ್ತೈತಿ." ಹೋಗಿ ನೋಡಿದರೆ ಮಾತು ಖರೆ. ಹೆಬ್ಬೆರಳಿನಷ್ಟು ದಪ್ಪದ ಬಿಳಿ ಉಂಡಿ ಕರಣಿಯ ಅಂಚಿಗೆ ಸಿಕ್ಕು ಒಂದೂವರೆ ಅಡಿ ಉದ್ದ ಗೆರೆ ಎಳೆದಿತ್ತು. ಉಂಡಿಯನ್ನು ಒಡೆದು ನೋಡಿದೆ. ಒಳಗೆ ಎಳೆಗಳು ಒಣಗಿಯೇ ಇದ್ದವು, ಸಿಮೆಂಟಿನ ಒಂದು ಕಣವೂ ಒಳಗೆ ಹೋಗಿರಲಿಲ್ಲ. ಅದೇ ಲಾಟಿನ ಇನ್ನೊಂದು ಚೀಲದ ಗೋಡೆಯಲ್ಲಿ ಫೈಬರೇ ಇಲ್ಲ ಅನ್ನುವಷ್ಟು ಕಡಿಮೆ, ಅಲ್ಲಿ ಬಿರುಕು ಆಗಲೇ ಶುರು. 14 ಕೋಟಿ ಎಳೆ ಹಾಕಿ ಏನು ಬಂತು?

ಆಗ ನಮ್ಮ ಹತ್ತಿರ ಇದ್ದದ್ದು ರಿಬ್ಬನ್ ಬ್ಲೆಂಡರ್. 500 ಲೀಟರ್, ಹಳೆಯದು, 1 ಲಕ್ಷ 60 ಸಾವಿರಕ್ಕೆ ಸಿಕ್ಕಿತ್ತು, ಮೋಟರ್ 7.5 ಎಚ್‌ಪಿ. ದೋಣಿ ಥರದ ತೊಟ್ಟಿ, ನಡುವೆ ಶಾಫ್ಟು, ಅದರ ಸುತ್ತ ಒಳಗೊಂದು ಹೊರಗೊಂದು ಸುರುಳಿ ಪಟ್ಟಿ. ಹೊರಗಿನದು ಪುಡಿಯನ್ನು ಈ ಕಡೆ ತಳ್ಳಿದರೆ ಒಳಗಿನದು ಆ ಕಡೆ. ಬರೀ ಪುಡಿಗೆ ಇದು ಚಿನ್ನದಂಥ ಮಷಿನ್. ಸಿಮೆಂಟಿಗೆ ಎಚ್‌ಪಿಎಂಸಿ ಬೆರೆಸಿ, ಬಣ್ಣ ಬೆರೆಸಿ, 15 ನಿಮಿಷಕ್ಕೆ ಒಂದೇ ಸಮ ಆಗಿರುತ್ತದೆ. ಸದ್ದು ಕಡಿಮೆ, ಕರೆಂಟ್ ಕಡಿಮೆ, ರಿಪೇರಿಗೆ ಊರಿನ ಯಾವ ಫ್ಯಾಬ್ರಿಕೇಶನ್ ಅಂಗಡಿಯವನಾದರೂ ಸಾಕು.

ಫೈಬರ್ ಹಾಕಿದ ಕೂಡಲೇ ಅದರ ಬಣ್ಣ ಬಯಲಾಗುತ್ತದೆ.

ರಿಬ್ಬನ್ ನಿಮಿಷಕ್ಕೆ 35 ಸುತ್ತು ತಿರುಗುತ್ತದೆ. ತಳ್ಳುತ್ತದೆ ಅಷ್ಟೇ, ಬಿಡಿಸುವುದಿಲ್ಲ. ಕಟ್ಟಿನಿಂದ ಬಂದ ಎಳೆಗಳ ಜಡೆ ಜಡೆಯಾಗಿಯೇ ಸುತ್ತುತ್ತದೆ. ಅದಕ್ಕಿಂತ ದೊಡ್ಡ ತಲೆನೋವು ಶಾಫ್ಟಿನದು. ರಿಬ್ಬನನ್ನು ಶಾಫ್ಟಿಗೆ ಹಿಡಿದಿಡುವ ಅಡ್ಡ ಕಡ್ಡಿಗಳಿರುತ್ತವಲ್ಲ, ಆ ಮೂಲೆಗಳಿಗೆ ಎಳೆ ಸುತ್ತಿಕೊಳ್ಳುತ್ತದೆ. ಮೊದಲ ದಿನ ಕಾಣುವುದಿಲ್ಲ. ವಾರದ ಹೊತ್ತಿಗೆ ಬಾಚಣಿಗೆಗೆ ಸಿಕ್ಕ ಕೂದಲಿನ ಹಾಗೆ ಬಿಳಿ ತುಪ್ಪಳ. ಎರಡು ವಾರಕ್ಕೆ ಅದರ ಮೇಲೆ ಸಿಮೆಂಟು ಕೂತು, ಗಾಳಿಯ ತೇವ ಕುಡಿದು, ಗಟ್ಟಿ ಮುದ್ದೆ.

ಪ್ರತಿ ಶನಿವಾರ ಮಧ್ಯಾಹ್ನ ಇದರ ಸೇವೆ. ಮೇನ್ ಸ್ವಿಚ್ ತೆಗೆದು, ಫ್ಯೂಸ್ ಕಿಸೆಯಲ್ಲಿ ಇಟ್ಟುಕೊಂಡು, ಹುಡುಗ ತೊಟ್ಟಿಯೊಳಗೆ ಇಳಿಯುತ್ತಿದ್ದ. ಕೈಯಲ್ಲಿ ಮುರಿದ ಹ್ಯಾಕ್ಸಾ ಬ್ಲೇಡು. ಕಡ್ಡಿ ಕಡ್ಡಿಗೂ ಕುಯ್ದು ಎಳೆಯಬೇಕು. ಎರಡು ತಾಸು. ಒಮ್ಮೆ ನಾನೇ ಇಳಿದೆ, ಸೊಂಟ ಮೂರು ದಿನ ಹಿಡಿದಿತ್ತು. ತೆಗೆದ ಮುದ್ದೆಗಳನ್ನು ತೂಗಿದರೆ 900 ಗ್ರಾಂ. ಅದರಲ್ಲಿ ಸಿಮೆಂಟಿನ ತೂಕವೂ ಇತ್ತು, ಹೂಂ. ಆದರೂ ಚೀಲಕ್ಕೆ ಹೋಗಬೇಕಾದ ಮಾಲು ಶಾಫ್ಟಿಗೆ ಹೋಗಿತ್ತು ಅನ್ನುವುದು ಖರೆಯೇ ಅಲ್ವಾ. ಒಂದು ಶನಿವಾರ ತಪ್ಪಿಸಿದರೆ ಮುಂದಿನ ಬುಧವಾರವೋ ಗುರುವಾರವೋ ಮುದ್ದೆ ತಾನೇ ಕಳಚಿ ಯಾರದೋ ಚೀಲಕ್ಕೆ ಬೀಳುತ್ತಿತ್ತು. ನವನಗರಕ್ಕೆ ಹೋದದ್ದು ಅಂಥದ್ದೇ ಒಂದು.

ಸಿಟ್ಟಿನಿಂದ ಅಳೆದೂ ನೋಡಿದೆ. ಅಳೆಯುವ ದಾರಿ ಸುಲಭ, ಲ್ಯಾಬ್ ಬೇಡ. ಚೀಲದಿಂದ 1 ಕಿಲೋ ಪುಡಿ ತೆಗೆದು ಬಕೆಟ್ ನೀರಿಗೆ ಸುರಿದು ಕೋಲಿನಿಂದ ಜೋರಾಗಿ ತಿರುವಬೇಕು. ಮರಳು ತಳಕ್ಕೆ ಹೋಗುತ್ತದೆ, ಫೈಬರ್ ಮೇಲೆ ತೇಲುತ್ತದೆ. ಚಹಾ ಸೋಸುವ ಜರಡಿಯಲ್ಲಿ ಎತ್ತಿ, ತೊಳೆದು, ಒಣಗಿಸಿ ತೂಗಬೇಕು. ತಳದ ರಾಡಿಯನ್ನು ಇನ್ನೆರಡು ಸಲ ಕದಡಿ ಉಳಿದದ್ದನ್ನೂ ಎತ್ತಬೇಕು. ಪುಡಿಯಲ್ಲಿ ಸಿಮೆಂಟು ಇದೆ, ತಡ ಮಾಡಿದರೆ ಬಕೆಟ್ಟೇ ಹೋಗುತ್ತದೆ. ತೂಗಲು 0.01 ಗ್ರಾಂ ತೋರಿಸುವ ತಕ್ಕಡಿ ಸಾಕು. ಲೆಕ್ಕದ ಪ್ರಕಾರ ಒಂದು ಕಿಲೋಗೆ 1 ಗ್ರಾಂ ಸಿಗಬೇಕು. ಒಂದೇ ಬ್ಯಾಚಿನ ಹತ್ತು ಚೀಲದಿಂದ ತೆಗೆದಾಗ ರಿಬ್ಬನ್ನಿನಲ್ಲಿ ಸಿಕ್ಕದ್ದು 0.4ರಿಂದ 2.3 ಗ್ರಾಂ. ಇದನ್ನು ಬೆರೆಸಿದ್ದು ಅನ್ನಬೇಕೋ ಚೆಲ್ಲಿದ್ದು ಅನ್ನಬೇಕೋ.

ಚಿಕ್ಕವನಿದ್ದಾಗ ನಮ್ಮ ಓಣಿಗೆ ಗಾದಿ ಹಿಂಜುವವರು ಬರುತ್ತಿದ್ದರು. ದೊಡ್ಡ ಬಿಲ್ಲು, ಅದರ ನರಕ್ಕೆ ಕಟ್ಟಿಗೆಯ ಗುಂಡಿನಿಂದ ಹೊಡೆದರೆ ಟಂಯ್ ಟಂಯ್ ಸದ್ದು. ಗಟ್ಟಿಯಾಗಿದ್ದ ಅರಳೆ ಬಿಚ್ಚಿಕೊಂಡು ಮೋಡದ ಹಾಗೆ ಏಳುತ್ತಿತ್ತು. ಹಿಂಜದೆ ಯಾರೂ ಗಾದಿ ತುಂಬುತ್ತಿರಲಿಲ್ಲ. ಅರಳೆ ವ್ಯಾಪಾರದಿಂದ ಬೆಳೆದ ಊರಿನಲ್ಲಿ ಹುಟ್ಟಿದವನಿಗೆ ಇಷ್ಟು ಹೊಳೆಯಲು ಒಂದು ವರ್ಷ ಬೇಕಾಯಿತು. ಫೈಬರಿಗೂ ಮೊದಲು ಹಿಂಜಬೇಕು, ಆಮೇಲೆ ಬೆರೆಸಬೇಕು. ರಿಬ್ಬನ್ ಬೆರೆಸುತ್ತದೆ, ಹಿಂಜುವುದಿಲ್ಲ.

ನಡುವೆ ಬೇರೆ ಎರಡನ್ನೂ ನೋಡಿದೆ. ಕಾಂಕ್ರೀಟ್ ಮಿಕ್ಸರ್ ಡ್ರಮ್ ಬಾಡಿಗೆ ತಂದು ಒಣ ಪುಡಿ ಹಾಕಿ ತಿರುಗಿಸಿದೆ, ಅದು ಫೈಬರನ್ನು ಉರುಳಿಸಿ ಉರುಳಿಸಿ ಶೇಂಗಾ ಉಂಡಿ ಕಟ್ಟಿದ ಹಾಗೆ ಕಟ್ಟಿಕೊಟ್ಟಿತು, ಧೂಳು ಬೇರೆ. ಗದಗ ರಸ್ತೆಯಲ್ಲಿ ಡಿಟರ್ಜೆಂಟ್ ಪುಡಿ ಮಾಡುವ ಗೆಳೆಯನ ಡಬಲ್ ಕೋನ್ ಮಷಿನಿನಲ್ಲಿ 20 ಕಿಲೋ ಹಾಕಿ ನೋಡಿದೆ, ಅಲ್ಲಿಯೂ ಉಂಡಿಯೇ, ಸ್ವಲ್ಪ ಚಿಕ್ಕವು. ಗೆಳೆಯ ಇವತ್ತಿಗೂ ಮಷಿನ್ ತೊಳೆದ ಲೆಕ್ಕ ಹೇಳುತ್ತಾನೆ.

ಕೊನೆಗೆ ತಂದದ್ದು ಪ್ಲೌ ಶೇರ್ ಮಿಕ್ಸರ್. ಅಡ್ಡ ಮಲಗಿಸಿದ ಉರುಳೆ, ಒಳಗಿನ ಶಾಫ್ಟಿಗೆ ರಂಟೆಯ ಆಕಾರದ ಐದು ಹಲಗೆ. ನಮ್ಮ ಹುಡುಗರು ಮೊದಲ ದಿನವೇ ರಂಟಿ ಮಷಿನ್ ಅಂತ ಹೆಸರಿಟ್ಟರು, ಅದೇ ಉಳಿಯಿತು. ನಿಮಿಷಕ್ಕೆ 100 ಸುತ್ತು. ಇದು ಪುಡಿಯನ್ನು ತಳ್ಳುವುದಿಲ್ಲ, ಎತ್ತಿ ತೂರುತ್ತದೆ. ಮುಚ್ಚಳದ ಕಿಂಡಿಯಿಂದ ನೋಡಿದರೆ ಕಣದಲ್ಲಿ ಜೋಳ ತೂರಿದ ಹಾಗೆ ಪುಡಿ ಗಾಳಿಯಲ್ಲೇ ಇರುತ್ತದೆ. ಪಕ್ಕದ ಗೋಡೆಯಲ್ಲಿ ಎರಡು ಚಾಪರ್, ಅಂದರೆ ಜೋರಾಗಿ ತಿರುಗುವ ಬ್ಲೇಡುಗಳು, ಪ್ರತಿಯೊಂದಕ್ಕೂ ಬೇರೆ ಮೋಟರ್, 2880 ಸುತ್ತು. ಗಾಳಿಯಲ್ಲಿ ಹಾರುವ ಜಡೆ ಚಾಪರಿಗೆ ಸಿಕ್ಕರೆ ಬಿಚ್ಚಿಹೋಯಿತು. ಬಿಲ್ಲಿನ ಕೆಲಸ ಅದೇ ಮಾಡುತ್ತದೆ.

ನಮ್ಮ ಕ್ರಮ ಹೀಗಿದೆ. ಮೊದಲು ಮರಳು ಮತ್ತು ಫೈಬರ್ ಮಾತ್ರ, ಚಾಪರ್ ಹಾಕಿ 90 ಸೆಕೆಂಡು. ಮರಳಿನ ಕಾಳು ಒರಟು, ಅದೂ ಎಳೆಗಳ ನಡುವೆ ತೂರಿ ಬಿಡಿಸುತ್ತದೆ. ಆಮೇಲೆ ಚಾಪರ್ ಬಂದ್ ಮಾಡಿ ಸಿಮೆಂಟು, ಡಾಲೊಮೈಟು, ಎಚ್‌ಪಿಎಂಸಿ ಹಾಕಿ ಬರೀ ರಂಟೆ 2 ನಿಮಿಷ. ಸಿಮೆಂಟನ್ನು ಮೊದಲೇ ಹಾಕಿದರೆ ನುಣ್ಣನೆಯ ಪುಡಿ ಜಡೆಯ ಮೇಲೆ ಪೌಡರ್ ಬಳಿದ ಹಾಗೆ ಕೂತುಬಿಡುತ್ತದೆ, ಆಮೇಲೆ ಅದು ಬಿಚ್ಚುವುದು ಕಷ್ಟ. ಚಾಪರನ್ನು ಆಸೆಯಿಂದ ಐದು ನಿಮಿಷ ಓಡಿಸಿದ್ದೂ ಉಂಟು, ಎಳೆಗಳು ತುಪ್ಪಳವಾಗಿ ಮತ್ತೆ ಗಂಟು ಕಟ್ಟಿದವು. ಗ್ಲಾಸ್ ಫೈಬರ್ ಬಳಸುವವರು ಇನ್ನೂ ಹುಷಾರಾಗಿರಬೇಕು, ಅದು ಮುರಿದು ಗಿಡ್ಡ ಆಗುತ್ತದೆ.

ಅದೇ ಬಕೆಟ್, ಅದೇ ಜರಡಿ, ಹತ್ತು ಚೀಲ. ಈ ಸಲ ಸಿಕ್ಕದ್ದು 0.8ರಿಂದ 1.1 ಗ್ರಾಂ. ಒಂದಿಷ್ಟು ಎಳೆ ಬಕೆಟ್ಟಿಗೂ ಜರಡಿಗೂ ಅಂಟಿರುತ್ತದೆ, ಹಾಗಾಗಿ 0.8 ನನಗೆ ಖುಷಿಯೇ. ಹುಡುಗ ತಕ್ಕಡಿಯನ್ನು ಮೂರು ಸಲ ಸೊನ್ನೆ ಮಾಡಿ ತೂಗಿದ, ಅವನಿಗೂ ನಂಬಿಕೆ ಇರಲಿಲ್ಲ. ಶನಿವಾರದ ಹ್ಯಾಕ್ಸಾ ಸೇವೆ ಇಪ್ಪತ್ತು ನಿಮಿಷಕ್ಕೆ ಇಳಿಯಿತು. ಅದೂ ಚಾಪರ್ ಬುಡದಲ್ಲಿ ಮಾತ್ರ.

ರಂಟಿಯಲ್ಲಿ ತೊಂದರೆ ಇಲ್ಲವೇ ಅಂದರೆ, ಇದೆ. ಹೊಸದಕ್ಕೆ ಆರೂವರೆ ಲಕ್ಷ, ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಹಳೆಯದು ಸಿಕ್ಕೀತಾ ಅಂತ ಮೂರು ತಿಂಗಳು ಹುಡುಕಿದೆ, ಸಿಗಲಿಲ್ಲ. ಮುಖ್ಯ ಮೋಟರ್ 15 ಎಚ್‌ಪಿ, ಚಾಪರ್ ಎರಡು ಸೇರಿ 6. ನನ್ನ ಹಳೇ ಕನೆಕ್ಷನ್ 20 ಎಚ್‌ಪಿಯದು, ಲೋಡ್ ಹೆಚ್ಚಿಸಿಕೊಳ್ಳಬೇಕಾಯಿತು. ಚಾಪರ್ ಶಾಫ್ಟಿನ ಸೀಲಿಗೆ ಸಣ್ಣ ಒತ್ತಡದ ಗಾಳಿ ಬಿಡುತ್ತಿರಬೇಕು, ಇಲ್ಲದಿದ್ದರೆ ಸಿಮೆಂಟು ಬೇರಿಂಗಿಗೆ ಇಳಿಯುತ್ತದೆ. ಮೊದಲ ತಿಂಗಳು ಕಂಪ್ರೆಸರ್ ಹಾಕಲು ಸೋಮಾರಿತನ ಮಾಡಿ ಒಂದು ಬೇರಿಂಗ್ ಕಳೆದುಕೊಂಡೆ. ಮರಳಿಗೆ ರಂಟೆಯ ತುದಿ ಸವೆಯುತ್ತದೆ, ಅದು ಬದಲಿಸುವಂಥದ್ದು. ಸದ್ದು ಜಾಸ್ತಿ.

ಇನ್ನೊಂದು, ತುಂಬುವಾಗ ದುರಾಸೆ ಬೇಡ. 500 ಲೀಟರ್ ಉರುಳೆಗೆ 400 ಕಿಲೋ ಅಂದರೆ ಅರ್ಧಕ್ಕಿಂತ ಸ್ವಲ್ಪ ಮೇಲೆ. ಒಮ್ಮೆ ಆರ್ಡರ್ ಅವಸರಕ್ಕೆ 560 ಕಿಲೋ ಹಾಕಿದೆವು. ಪುಡಿ ಹಾರಲು ಜಾಗ ಇಲ್ಲ, ರಂಟಿ ರಿಬ್ಬನ್ನೇ ಆಯಿತು. ಮೇಲಾಗಿ ನಡುವೆ ಕರೆಂಟ್ ಹೋಯಿತು. ತುಂಬಿದ ಮಷಿನ್ ಮತ್ತೆ ಶುರು ಆಗುವುದಿಲ್ಲ, ಮೋಟರ್ ಗುಂಯ್ ಅನ್ನುತ್ತದೆ ಅಷ್ಟೇ. ಕೆಳಗಿನ ಬಾಗಿಲು ಕೈಯಿಂದ ತೆಗೆದು, ಸಲಿಕೆ ಹಿಡಿದು ಅಷ್ಟನ್ನೂ ಹೊರಗೆ ಎಳೆದೆವು.

ಯಾವ ಮಷಿನಿಗಾದರೂ ಮರಳು ಒಣಗಿರಲೇಬೇಕು. ಮಾರ್ಚ್, ಏಪ್ರಿಲ್ ಒಣ ಹವೆಯಲ್ಲಿ ಸ್ಥಿರ ವಿದ್ಯುತ್ತಿನಿಂದ ಫೈಬರ್ ಪ್ಲಾಸ್ಟಿಕ್ ಬಕೆಟ್ಟಿಗೆ, ಅಂಗಿ ತೋಳಿಗೆ, ಕೊನೆಗೆ ಮೀಸೆಗೂ ಅಂಟುತ್ತದೆ. ಜಿಐ (ತಗಡಿನ) ಬಕೆಟ್ ಬಳಸಿ, ಮಷಿನಿಗೆ ಅರ್ಥಿಂಗ್ ಸರಿ ಇರಲಿ.

ಹಾಗಾದರೆ ರಿಬ್ಬನ್ ಯಾರಿಗೆ? ದಿನಕ್ಕೆ ಒಂದು ಟನ್ನಿಗಿಂತ ಕಡಿಮೆ ಮಾಡುವವರಿಗೆ, ಮಾಲಿನಲ್ಲಿ ಮರಳು ಇರುವವರಿಗೆ, 12 ಬಿಟ್ಟು 6 ಮಿಲಿಮೀಟರ್ ಫೈಬರಿಗೆ ಒಪ್ಪುವವರಿಗೆ. ಎಳೆ ಗಿಡ್ಡ ಆದಷ್ಟು ತಬ್ಬಿಕೊಳ್ಳುವುದು ಕಡಿಮೆ. ನಾನೂ 6 ಹಾಕಿ ನೋಡಿದ್ದೆ, 0.4 ಇದ್ದದ್ದು 0.6ಕ್ಕೆ ಏರಿತ್ತು. ಹಾವೇರಿಯ ಒಬ್ಬ ಪರಿಚಯದವರು ಫೈಬರನ್ನು ಐದು ಕಿಲೋ ಮರಳಿನ ಜೊತೆ ಕೈಯಿಂದ ಬಿಡಿಸಿ, ಆಮೇಲೆ ರಿಬ್ಬನ್ನಿಗೆ ಉದುರಿಸುತ್ತಾರೆ, ಸಾಗುತ್ತಿದೆ ಅಂತಾರೆ. ಅವರ ಮನೆಯವರೇ ನಾಲ್ಕು ಜನ ಕೆಲಸಕ್ಕಿದ್ದಾರೆ. ಬರೀ ವಾಲ್ ಪುಟ್ಟಿ ಮಾಡುವವರಿಗೆ ಆ ದಾರಿಯೂ ಇಲ್ಲ, ಅಲ್ಲಿ ಬಿಡಿಸಲು ಒರಟು ಕಾಳೇ ಇರುವುದಿಲ್ಲ.

ನನ್ನದು ದಿನಕ್ಕೆ ನಾಲ್ಕು ಟನ್, ಇಬ್ಬರು ಹುಡುಗರು, ಒಂದೇ ಪಾಳಿ. ರಿಬ್ಬನ್ನಿನಲ್ಲಿ ಹತ್ತು ಬ್ಯಾಚಿಗೆ ಸಂಜೆ ಏಳು ಆಗುತ್ತಿತ್ತು. ಈಗ ತುಂಬುವುದು, ಇಳಿಸುವುದು ಸೇರಿ ಒಂದು ಬ್ಯಾಚಿಗೆ ಎಂಟು ನಿಮಿಷ, ಊಟದ ನಂತರ ಚೀಲ ಹೊಲಿಯುವುದಷ್ಟೇ ಬಾಕಿ. ಬ್ಯಾಂಕಿನ ಕಂತು ಮೂರು ವರ್ಷ ಇದೆ. ಕೈಯಲ್ಲಿ ಎರಡು ಲಕ್ಷ ಮಾತ್ರ ಇದ್ದರೆ ನಾನು ಇವತ್ತೂ ಹಳೇ ರಿಬ್ಬನ್ನನ್ನೇ ತರುತ್ತಿದ್ದೆ, ಆದರೆ ಫೈಬರ್ ಇಲ್ಲದ ಮಾಲು ಮಾಡುತ್ತಿದ್ದೆ.

ಹಳೇ ರಿಬ್ಬನ್ ಮಾರಿಲ್ಲ. ಟೈಲ್ ಅಂಟಿಸುವ ಪುಡಿ ಅದರಲ್ಲೇ ಮಾಡುತ್ತೇವೆ, ಅದಕ್ಕೆ ನಾವು ಫೈಬರ್ ಹಾಕುವುದಿಲ್ಲ. ಆರು ತಿಂಗಳಾಯಿತು ಆ ತೊಟ್ಟಿಗೆ ಒಂದೆಳೆಯೂ ಬಿದ್ದಿಲ್ಲ. ಮೊನ್ನೆ ಚೀಲ ತುಂಬುತ್ತಿದ್ದ ಹುಡುಗ ಅಡಿಕೆಯಷ್ಟು ದೊಡ್ಡ ಬಿಳಿ ಗಂಟೊಂದನ್ನು ತಂದು ನನ್ನ ಟೇಬಲ್ ಮೇಲೆ ಇಟ್ಟ. "ಇನ್ನೂ ಒಳಗ ಕುಂತಿತ್ರೀ" ಅಂದ.